ಕಾವಲು ನಿಂತವನೂ ಕೊಲೆಯ ಪಾಲುದಾರನೇ: ನಾಜಿ ವಿಚಾರಣೆಗಳು ಇಷ್ಟು ತಡವಾಗಿದ್ದು ಯಾಕೆ?

ಹಿಟ್ಲರನ ಸೆರೆಶಿಬಿರಗಳಲ್ಲಿ ಕೆಲಸ ಮಾಡಿದವರ ವಿಚಾರಣೆ ಬಗ್ಗೆ ಎಲ್ಲಿ ಮಾತಾಡಿದರೂ ಮೊದಲು ಬರುವ ಪ್ರಶ್ನೆ ಒಂದೇ. "ತೊಂಬತ್ತು ದಾಟಿದ ಮುದುಕರನ್ನು ಈಗ ಕೋರ್ಟಿಗೆ ಎಳೆದು ಏನು ಸಿಕ್ಕ ಹಾಗಾಯ್ತು?" ಕೇಳುವವರ ಮನಸ್ಸು ಕೆಟ್ಟದ್ದೇನಲ್ಲ. ಗಾಲಿಕುರ್ಚಿಯಲ್ಲಿ ಕೂತು, ಮುಖಕ್ಕೆ ಫೈಲು ಅಡ್ಡ ಹಿಡಿದ ಅಜ್ಜನ ಫೋಟೋ ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸುತ್ತದೆ. ನಾನು ಇವತ್ತು ನಿಮ್ಮ ಮುಂದೆ ಇಡುವುದು ಬೇರೆ ಪ್ರಶ್ನೆ. ಇವರಿಗೆ ತೊಂಬತ್ತು ತುಂಬುವವರೆಗೆ ಸುಮ್ಮನೆ ಕೂತಿದ್ದವರು ಯಾರು? ಇವರಲ್ಲಿ ಹೆಚ್ಚಿನವರು ಕಾಡಿನಲ್ಲಿ ಅಡಗಿರಲಿಲ್ಲ. ಜರ್ಮನಿಯ ಊರುಗಳಲ್ಲೇ ಮದುವೆಯಾಗಿ, ಕೆಲಸ ಮಾಡಿ, ಪಿಂಚಣಿ ತಗೊಂಡು ಬದುಕಿದ್ದರು. ಸರ್ಕಾರಕ್ಕೆ ಅವರ ವಿಳಾಸ ಗೊತ್ತಿತ್ತು.

ನಾಜಿಗಳ ಬೇಟೆ ಅಂದ ಕೂಡಲೇ ನಮಗೆ ನೆನಪಾಗುವುದು ಅಡಾಲ್ಫ್ ಐಕ್‌ಮನ್, ಯೆಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡ ನಾಜಿ ಅಧಿಕಾರಿ. 1960ರ ಮೇ ತಿಂಗಳಲ್ಲಿ ಬ್ಯೂನಸ್ ಐರಿಸ್ ಹೊರವಲಯದಲ್ಲಿ, ಬಸ್ಸಿಳಿದು ಮನೆಗೆ ಹೋಗುತ್ತಿದ್ದವನನ್ನು ಇಸ್ರೇಲಿನ ಗುಪ್ತಚರರು ಹಿಡಿದರು. ಜೆರುಸಲೇಮಿನಲ್ಲಿ ವಿಚಾರಣೆ ನಡೆಯಿತು. 1962ರಲ್ಲಿ ಗಲ್ಲಿಗೆ ಹಾಕಿದರು. ಈ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಅವನು ಅರ್ಜೆಂಟೀನಾದಲ್ಲಿದ್ದಾನೆ ಅಂತ ಇಸ್ರೇಲಿಗೆ ಸುಳಿವು ಮುಟ್ಟಿಸಿದವರು ಒಬ್ಬ ಜರ್ಮನ್ ಪ್ರಾಸಿಕ್ಯೂಟರ್ ಅನ್ನೋದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಅವರ ಹೆಸರು ಫ್ರಿಟ್ಸ್ ಬವರ್. ಇವತ್ತಿನ ಮಾತಿನಲ್ಲಿ ನೀವು ಒಂದೇ ಒಂದು ಹೆಸರು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬವರ್ ಯೆಹೂದಿ ಮನೆತನದವರು, ಸಮಾಜವಾದಿ. ಹಿಟ್ಲರ್ ಬರುವ ಮುಂಚೆ ಜಡ್ಜ್ ಆಗಿದ್ದರು. 1933ರಲ್ಲಿ ಅವರನ್ನು ಕೆಲಸದಿಂದ ತೆಗೆದು ಸೆರೆಶಿಬಿರಕ್ಕೆ ಹಾಕಿದರು. ಬಿಡುಗಡೆಯಾದ ಮೇಲೆ ಡೆನ್ಮಾರ್ಕಿಗೆ, ಅಲ್ಲಿಂದ ಸ್ವೀಡನ್ನಿಗೆ ಓಡಿ ಜೀವ ಉಳಿಸಿಕೊಂಡರು. 1949ರಲ್ಲಿ ವಾಪಸ್ ಬಂದರು. ಆಮೇಲೆ ಹೆಸ್ಸೆ ರಾಜ್ಯದ ಮುಖ್ಯ ಪ್ರಾಸಿಕ್ಯೂಟರ್ ಆದರು. ಐಕ್‌ಮನ್ ಸುಳಿವು ಸಿಕ್ಕಾಗ ಅವರು ತಮ್ಮದೇ ದೇಶದ ಪೊಲೀಸರಿಗೆ ಹೇಳಲಿಲ್ಲ. ಹೇಳಿದರೆ ಯಾರಾದರೂ ಅವನಿಗೆ ಮುಂಚೆಯೇ ತಿಳಿಸಿಬಿಡುತ್ತಾರೆ ಅನ್ನುವ ಭಯ ಅವರಿಗಿತ್ತು. ಆ ಭಯಕ್ಕೆ ಕಾರಣವೂ ಇತ್ತು. ಹಿಟ್ಲರನ ಕಾಲದಲ್ಲಿ ಕೋರ್ಟು, ಪೊಲೀಸ್ ಠಾಣೆ, ಸಚಿವಾಲಯಗಳಲ್ಲಿ ಕೂತಿದ್ದವರೇ ಬಹಳಷ್ಟು ಮಂದಿ 1950ರ ದಶಕದ ಪಶ್ಚಿಮ ಜರ್ಮನಿಯಲ್ಲೂ ಅದೇ ಕುರ್ಚಿಗಳಲ್ಲಿ ಕೂತಿದ್ದರು.

1963ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿನಲ್ಲಿ, ಪೋಲೆಂಡಿನಲ್ಲಿ ನಾಜಿಗಳು ನಡೆಸಿದ ಔಶ್ವಿಟ್ಸ್ ಶಿಬಿರದ ಸಿಬ್ಬಂದಿಯ ವಿಚಾರಣೆ ಶುರುವಾಯಿತು. ಅದರ ಹಿಂದಿನ ಶಕ್ತಿ ಬವರ್. ಕಟಕಟೆಯಲ್ಲಿ 22 ಮಂದಿ. ಶಿಬಿರದಿಂದ ಬದುಕಿ ಬಂದ 200ಕ್ಕೂ ಜಾಸ್ತಿ ಜನ ಸಾಕ್ಷಿ ಹೇಳಿದರು. 1965ರ ಆಗಸ್ಟಿನಲ್ಲಿ ತೀರ್ಪು ಬಂತು. ಕೊನೆಗೆ ಉಳಿದ 20 ಆರೋಪಿಗಳಲ್ಲಿ 17 ಜನರಿಗೆ ಶಿಕ್ಷೆಯಾಯಿತು. ಜೀವಾವಧಿ ಸಿಕ್ಕಿದ್ದು ಆರೇ ಮಂದಿಗೆ.

ಇಲ್ಲಿ ಬವರ್ ಒಂದು ವಾದ ಇಟ್ಟಿದ್ದರು. ಔಶ್ವಿಟ್ಸ್ ಅನ್ನೋದು ಜನರನ್ನು ಕೊಲ್ಲಲೆಂದೇ ನಡೆಸಿದ ವ್ಯವಸ್ಥೆ. ಗೊತ್ತಿದ್ದೂ ಅದನ್ನು ನಡೆಸಲು ಕೈ ಹಾಕಿದ ಪ್ರತಿಯೊಬ್ಬನೂ ಕೊಲೆಯಲ್ಲಿ ಪಾಲುದಾರ. ಅವನು ಗ್ಯಾಸ್ ಡಬ್ಬಿ ತೆರೆದನೋ, ಬೇಲಿ ಕಾದನೋ ಅನ್ನುವುದರಿಂದ ಶಿಕ್ಷೆಯ ಪ್ರಮಾಣ ಬದಲಾಗಬಹುದು, ಅಪರಾಧ ಇಲ್ಲವಾಗುವುದಿಲ್ಲ. ಕೋರ್ಟು ಇದನ್ನು ಒಪ್ಪಲಿಲ್ಲ. ಇಂಥವನು, ಇಂಥ ದಿನ, ಇಂಥವರನ್ನು ಕೊಂದ ಅಥವಾ ಕೊಲ್ಲಲು ನೆರವಾದ ಅಂತ ಒಂದೊಂದಾಗಿ ತೋರಿಸಬೇಕು ಅಂದಿತು. ಬವರ್ 1968ರಲ್ಲಿ ತೀರಿಕೊಂಡರು. 1969ರಲ್ಲಿ ಜರ್ಮನಿಯ ಸುಪ್ರೀಂ ಕೋರ್ಟ್ ಅನ್ನಬಹುದಾದ ಫೆಡರಲ್ ನ್ಯಾಯಾಲಯವೂ ಕೆಳಗಿನ ಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು.

ಇದರ ಪರಿಣಾಮ ಏನು ಅಂತ ಸ್ವಲ್ಪ ಯೋಚಿಸಿ. ಸೋಬಿಬೋರ್, ಟ್ರೆಬ್ಲಿಂಕಾದಂಥ ಶಿಬಿರಗಳಲ್ಲಿ ರೈಲು ಇಳಿದವರಲ್ಲಿ ಬಹುಪಾಲು ಜನ ಕೆಲವೇ ಗಂಟೆಗಳಲ್ಲಿ ಸತ್ತಿರುತ್ತಿದ್ದರು. ಸಾಕ್ಷಿ ಹೇಳಲು ಯಾರು ಉಳಿದರು? ಉಳಿದ ಬೆರಳೆಣಿಕೆಯ ಕೈದಿಗಳಿಗೆ ಕಾವಲುಗಾರರ ಹೆಸರು ಗೊತ್ತಿರುತ್ತಿತ್ತಾ? ಕೊಲೆ ಎಷ್ಟು ದೊಡ್ಡ ಮಟ್ಟದ್ದೋ ಪುರಾವೆ ಒದಗಿಸುವುದು ಅಷ್ಟು ಕಷ್ಟ ಅನ್ನುವಂಥ ನಿಯಮ ಇದು. ಯುದ್ಧ ಮುಗಿದಾಗ ಔಶ್ವಿಟ್ಸ್‌ನಲ್ಲಿ ಕೆಲಸ ಮಾಡಿದ ಸುಮಾರು 6,500 ಎಸ್‌ಎಸ್ (ಶಿಬಿರಗಳನ್ನು ನಡೆಸುತ್ತಿದ್ದ ನಾಜಿ ಪಡೆ) ಸಿಬ್ಬಂದಿ ಬದುಕಿದ್ದರು. ಅವರಲ್ಲಿ ಜರ್ಮನ್ ಕೋರ್ಟುಗಳು ಶಿಕ್ಷೆ ಕೊಟ್ಟಿದ್ದು 50ಕ್ಕೂ ಕಡಿಮೆ ಜನರಿಗೆ.

ಇಲ್ಲಿ ಕೂತಿರುವ ಕಾನೂನು ವಿದ್ಯಾರ್ಥಿಗಳಿಗೆ ಒಂದು ಮಾತು. ನಮ್ಮ ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆ) 149ನೇ ಕಲಂ ನೀವು ಓದಿದ್ದೀರಿ; 2024ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 190ನೇ ಕಲಂ. ಅಕ್ರಮ ಕೂಟದ ಸಮಾನ ಉದ್ದೇಶಕ್ಕಾಗಿ ಅಪರಾಧ ನಡೆದರೆ, ಆ ಹೊತ್ತಿನಲ್ಲಿ ಕೂಟದಲ್ಲಿದ್ದ ಪ್ರತಿ ಸದಸ್ಯನೂ ಹೊಣೆ. ಏಟು ಹಾಕಿದ್ದು ಯಾರ ಕೈ ಅಂತ ಪ್ರತಿಯೊಬ್ಬನ ಮೇಲೂ ಸಾಬೀತು ಮಾಡಬೇಕಿಲ್ಲ. ಈ ಕಲಂ ಅಮಾಯಕರನ್ನು ಸಿಕ್ಕಿಸಲು ದುರ್ಬಳಕೆಯಾಗುತ್ತದೆ ಅನ್ನುವ ದೂರು ನಮ್ಮಲ್ಲಿದೆ, ಅದು ಬೇರೆ ಚರ್ಚೆ. ಆದರೆ ಈ ಕಲಂ ಓದಿ ಬೆಳೆದವರಿಗೆ ಬವರ್ ವಾದ ಅರ್ಥವಾಗಲು ಎರಡು ನಿಮಿಷ ಸಾಕು. ಜರ್ಮನಿಯ ಕೋರ್ಟಿಗೆ ಅರ್ಥವಾಗಲು ಅರ್ಧ ಶತಮಾನ ಬೇಕಾಯಿತು.

ಕಾಲಮಿತಿಯ ವಿಷಯವೂ ಹಾಗೆಯೇ. ನಮ್ಮಲ್ಲಿ ಕೊಲೆ ಕೇಸಿಗೆ ಕಾಲಮಿತಿ ಇಲ್ಲ. ಮೂರು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವ ಯಾವ ಅಪರಾಧಕ್ಕೂ ಇಲ್ಲ. ಜರ್ಮನಿಯಲ್ಲಿ ಆಗ ಕೊಲೆಗೆ 20 ವರ್ಷದ ಮಿತಿ ಇತ್ತು. ಅಂದರೆ 1945ರಿಂದ ಲೆಕ್ಕ ಹಾಕಿದರೆ 1965ಕ್ಕೆ ಎಲ್ಲ ಮುಗಿಯಬೇಕು. ಆ ವರ್ಷ ಸಂಸತ್ತಿನಲ್ಲಿ ದೊಡ್ಡ ಚರ್ಚೆ ನಡೆದು, ಲೆಕ್ಕವನ್ನು 1949ರ ಕೊನೆಯಿಂದ ಶುರು ಮಾಡೋಣ ಅಂತ ನಾಲ್ಕು ವರ್ಷ ಮುಂದೂಡಿದರು. 1969ರಲ್ಲಿ ಮಿತಿಯನ್ನು 30 ವರ್ಷಕ್ಕೆ ಏರಿಸಿದರು. 1979ರ ಜುಲೈನಲ್ಲಿ ಪೂರ್ತಿ ತೆಗೆದು ಹಾಕಿದರು. ಪರವಾಗಿ 255 ಮತ, ವಿರುದ್ಧ 222. ಅಷ್ಟು ಕಡಿಮೆ ಅಂತರ! ಆ ಮತದಾನ ಆ ಕಡೆಗೆ ವಾಲಿದ್ದರೆ ನಾನು ಮುಂದೆ ಹೇಳುವ ಯಾವ ವಿಚಾರಣೆಯೂ ನಡೆಯುತ್ತಿರಲಿಲ್ಲ.

ಈ ನಡುವೆ 1968ರಲ್ಲಿ ಇನ್ನೊಂದು ನಡೆಯಿತು. ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಟ್ರಾಫಿಕ್ ದಂಡದಂಥ ಸಣ್ಣಪುಟ್ಟ ಉಲ್ಲಂಘನೆಗಳ ಕಾನೂನನ್ನು ಸರಿಮಾಡುವ ಒಂದು ಮಸೂದೆ ಪಾಸಾಯಿತು. ಅದರೊಳಗೆ ಎಲ್ಲೋ ಒಂದು ಸಾಲು. ಕೊಲೆಗೆ ನೆರವಾದವನಲ್ಲಿ ಸ್ವಂತ ನೀಚ ಉದ್ದೇಶ ಕಾಣದಿದ್ದರೆ ಅವನ ಶಿಕ್ಷೆ ಕಡಿಮೆ. ಶಿಕ್ಷೆ ಕಡಿಮೆಯಾದ ಮೇಲೆ ಕಾಲಮಿತಿಯೂ ಕಡಿಮೆ. ಆ ಕಡಿಮೆ ಮಿತಿ ಆಗಲೇ ಮುಗಿದಿತ್ತು! ಬರ್ಲಿನ್ನಿನ ನಾಜಿ ಭದ್ರತಾ ಕೇಂದ್ರ ಕಚೇರಿಯ ಅಧಿಕಾರಿಗಳ ಮೇಲೆ ವರ್ಷಗಟ್ಟಲೆ ಕಟ್ಟಿದ್ದ ಕೇಸುಗಳು ಇದರಿಂದ ಕುಸಿದವು. ಮೇಜಿನ ಮುಂದೆ ಕೂತು ಲಕ್ಷಾಂತರ ಜನರ ಸಾವಿಗೆ ಸಹಿ ಹಾಕಿದವರು ಬಚಾವಾದರು. ಆ ಕಾನೂನು ಸುಧಾರಣೆಯ ಕೆಲಸ ನೋಡಿಕೊಳ್ಳುತ್ತಿದ್ದ ನ್ಯಾಯ ಸಚಿವಾಲಯದ ಅಧಿಕಾರಿ ಎಡುವರ್ಡ್ ಡ್ರೆಹರ್. ಹಿಟ್ಲರನ ಕಾಲದಲ್ಲಿ ಅವರು ಇನ್ಸ್‌ಬ್ರುಕ್ ವಿಶೇಷ ಕೋರ್ಟಿನ ಪ್ರಾಸಿಕ್ಯೂಟರ್. ಆ ಸಾಲು ಬೇಕೆಂದೇ ಸೇರಿಸಿದ್ದಾ ಅಥವಾ ಯಾರೂ ಗಮನಿಸದೆ ಆಗಿಹೋಯಿತಾ ಅಂತ ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಾರೆ.

ಹಾಗಂತ ಯಾರೂ ಕೆಲಸ ಮಾಡಲಿಲ್ಲ ಅಂತಲ್ಲ. ಲುಡ್ವಿಗ್ಸ್‌ಬುರ್ಗ್ ಅನ್ನುವ ಊರಿನಲ್ಲಿ 1958ರಲ್ಲಿ ಒಂದು ಕಚೇರಿ ತೆರೆದರು. ನಾಜಿ ಅಪರಾಧಗಳ ಬಗ್ಗೆ ಮಾಹಿತಿ ಕಲೆಹಾಕುವುದಷ್ಟೇ ಅದರ ಕೆಲಸ. ತಾನೇ ಕೇಸು ನಡೆಸುವ ಅಧಿಕಾರ ಅದಕ್ಕಿಲ್ಲ. ಮೊದಲು ಜೈಲಾಗಿದ್ದ ಕಟ್ಟಡದಲ್ಲಿ ಈ ಕಚೇರಿ ಇದೆ. ಅಲ್ಲಿನ ಕಪಾಟುಗಳಲ್ಲಿ ಹೆಸರು, ಊರು, ಘಟನೆಗಳ ಸುಮಾರು 17 ಲಕ್ಷ ಕಾರ್ಡುಗಳಿವೆ. 2006ರಲ್ಲಿ ಥಾಮಸ್ ವಾಲ್ಟರ್ ಅನ್ನುವ ಜಡ್ಜ್ ಒಬ್ಬರು ಅಲ್ಲಿಗೆ ಬಂದರು. ನಿವೃತ್ತಿ ಹತ್ತಿರ ಇತ್ತು. ಅವರು ಒಂದು ಹಳೆಯ ಹೆಸರನ್ನು ಮತ್ತೆ ಎತ್ತಿಕೊಂಡರು: ಜಾನ್ ಡೆಮ್ಯಾನ್ಯುಕ್.

ಡೆಮ್ಯಾನ್ಯುಕ್ ಕಥೆಯನ್ನು ನಾನು ಪೂರ್ತಿ ಹೇಳಬೇಕು. ತಡವಾದ ನ್ಯಾಯ ಹೇಗೆ ದಾರಿ ತಪ್ಪಬಹುದು ಅನ್ನೋದೂ ಅದರಲ್ಲಿದೆ, ಹೇಗೆ ಸರಿಯಾಗಿ ನಡೆಯಬಹುದು ಅನ್ನೋದೂ ಇದೆ.

ಅವನು ಉಕ್ರೇನಿನ ರೈತರ ಮಗ. ಸೋವಿಯತ್ ಸೈನ್ಯದಲ್ಲಿದ್ದ. 1942ರಲ್ಲಿ ಜರ್ಮನರ ಕೈಗೆ ಸೆರೆಸಿಕ್ಕ. ಸೋವಿಯತ್ ಕೈದಿಗಳನ್ನು ಜರ್ಮನರು ಲಕ್ಷಗಟ್ಟಲೆ ಹಸಿವಿನಿಂದ ಸಾಯಿಸುತ್ತಿದ್ದ ಕಾಲ ಅದು. ಕೆಲವು ಕೈದಿಗಳನ್ನು ಆರಿಸಿ, ಟ್ರಾವ್ನಿಕಿ ಅನ್ನುವಲ್ಲಿ ತರಬೇತಿ ಕೊಟ್ಟು, ಶಿಬಿರಗಳ ಕಾವಲುಗಾರರನ್ನಾಗಿ ಮಾಡಿದರು. ಯುದ್ಧ ಮುಗಿದ ಮೇಲೆ ಅವನು 1952ರಲ್ಲಿ ಅಮೆರಿಕಕ್ಕೆ ಹೋದ. ಕ್ಲೀವ್‌ಲ್ಯಾಂಡಿನಲ್ಲಿ ಫೋರ್ಡ್ ಕಾರಿನ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿ, ಮಕ್ಕಳು, ಚರ್ಚು, ಸ್ವಂತ ಮನೆ.

1970ರ ದಶಕದಲ್ಲಿ ಟ್ರೆಬ್ಲಿಂಕಾದಿಂದ ಬದುಕಿ ಬಂದ ಕೆಲವರು ಅವನ ಫೋಟೋ ನೋಡಿ, ಇವನೇ "ಭಯಂಕರ ಇವಾನ್" ಅಂದರು. ಗ್ಯಾಸ್ ಕೋಣೆಯ ಎಂಜಿನ್ ನಡೆಸುತ್ತಿದ್ದ, ಒಳಗೆ ಹೋಗುವವರನ್ನು ಕತ್ತಿಯಿಂದ ಹಿಂಸಿಸುತ್ತಿದ್ದ ಒಬ್ಬ ಕಾವಲುಗಾರನಿಗೆ ಕೈದಿಗಳು ಇಟ್ಟ ಹೆಸರದು. ಅಮೆರಿಕ ಅವನ ಪೌರತ್ವ ಕಿತ್ತುಕೊಂಡಿತು. 1986ರಲ್ಲಿ ಇಸ್ರೇಲಿಗೆ ಒಪ್ಪಿಸಿತು. ಜೆರುಸಲೇಮಿನ ಕೋರ್ಟಿನಲ್ಲಿ ಎಲಿಯಾಹು ರೋಸೆನ್‌ಬರ್ಗ್ ಅನ್ನುವ ಸಾಕ್ಷಿ ಅವನ ಹತ್ತಿರ ಹೋಗಿ, ಕನ್ನಡಕ ತೆಗೆಯಲು ಹೇಳಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಇವನೇ, ಅನುಮಾನವೇ ಇಲ್ಲ ಅಂದರು. 1988ರಲ್ಲಿ ಮರಣದಂಡನೆ ವಿಧಿಸಿದರು.

ಆದರೆ ಅದೇ ಸಾಕ್ಷಿ 1947ರಲ್ಲಿ ಕೊಟ್ಟ ಹೇಳಿಕೆ ಒಂದಿತ್ತು. ಟ್ರೆಬ್ಲಿಂಕಾದ ಕೈದಿಗಳು 1943ರಲ್ಲಿ ಎದ್ದ ದಂಗೆಯಲ್ಲಿ ಆ ಇವಾನ್ ಸತ್ತ ಅಂತ ಅದರಲ್ಲಿತ್ತು. ಮೇಲ್ಮನವಿ ನಡೆಯುತ್ತಿದ್ದಾಗ ಸೋವಿಯತ್ ಒಕ್ಕೂಟ ಕುಸಿಯಿತು, ಅಲ್ಲಿನ ದಾಖಲೆಗಳು ಸಿಗತೊಡಗಿದವು. ಟ್ರೆಬ್ಲಿಂಕಾದ ಹಳೆಯ ಕಾವಲುಗಾರರು ವಿಚಾರಣೆಯಲ್ಲಿ ಕೊಟ್ಟ ಹೇಳಿಕೆಗಳಲ್ಲಿ ಗ್ಯಾಸ್ ಕೋಣೆಯ ಇವಾನ್ ಅಂತ ಹೆಸರಿಸಿದ್ದು ಇವಾನ್ ಮಾರ್ಚೆಂಕೊ ಅನ್ನುವ ಬೇರೆ ಮನುಷ್ಯನನ್ನು. 1993ರ ಜುಲೈನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಒಮ್ಮತದಿಂದ ಡೆಮ್ಯಾನ್ಯುಕ್‌ನನ್ನು ಬಿಟ್ಟರು. ಅನುಮಾನ ಇದೆ, ಹಾಗಾಗಿ ಶಿಕ್ಷೆ ಇಲ್ಲ.

ಆ ತೀರ್ಪು ಎಷ್ಟು ಕಷ್ಟದ್ದು ಅಂತ ಊಹಿಸಿಕೊಳ್ಳಿ. ಹೆತ್ತವರನ್ನು, ಒಡಹುಟ್ಟಿದವರನ್ನು ಕಳೆದುಕೊಂಡವರು ತುಂಬಿರುವ ದೇಶ. ಎದುರಿಗೆ ಸೋಬಿಬೋರ್‌ನಲ್ಲಿ ಕಾವಲುಗಾರನಾಗಿದ್ದ ಅನ್ನುವುದಕ್ಕೆ ಪುರಾವೆ ಇರುವ ಮನುಷ್ಯ. ಆದರೂ ಟ್ರೆಬ್ಲಿಂಕಾದ ಆರೋಪ ಸಾಬೀತಾಗಲಿಲ್ಲ ಅಂತ ಅವನನ್ನು ವಿಮಾನ ಹತ್ತಿಸಿ ಕಳಿಸಿದರು. ಸಾಕ್ಷಿಗಳು ಸುಳ್ಳು ಹೇಳಿದರು ಅಂತ ನಾನು ಎಂದೂ ಹೇಳಲಾರೆ. ನಲವತ್ತು ವರ್ಷ ಆ ಮುಖವನ್ನು ಕನಸಿನಲ್ಲಿ ಕಂಡವರು ಅವರು. ಆದರೆ ನೆನಪಿನ ಮೇಲೆ ಮಾತ್ರ ನಿಂತ ಕೇಸು ನಲವತ್ತು ವರ್ಷದ ಭಾರ ತಾಳುವುದಿಲ್ಲ. ಇಷ್ಟು ವರ್ಷ ಕಾಯುವುದರಿಂದ ಆಗುವ ನಷ್ಟ ಇದು. ಅಪರಾಧಿ ತಪ್ಪಿಸಿಕೊಳ್ಳುವ ಅಪಾಯ ಎಷ್ಟಿದೆಯೋ, ತಪ್ಪು ಮನುಷ್ಯನನ್ನು ಗಲ್ಲಿಗೆ ಹಾಕುವ ಅಪಾಯವೂ ಅಷ್ಟೇ ಇದೆ. ಇಸ್ರೇಲಿನ ಆ ಐವರನ್ನು ನಾನು ಬವರ್ ಸಾಲಿನಲ್ಲೇ ಇಡುತ್ತೇನೆ.

ಈಗ ಲುಡ್ವಿಗ್ಸ್‌ಬುರ್ಗಿಗೆ ವಾಪಸ್ ಬರೋಣ. ವಾಲ್ಟರ್ ಮತ್ತು ಸಹೋದ್ಯೋಗಿಗಳು ಕೇಸನ್ನು ಬೇರೆ ಥರ ಕಟ್ಟಿದರು. ಯಾರ ನೆನಪನ್ನೂ ನೆಚ್ಚಲಿಲ್ಲ. ಅವರ ಕೈಲಿದ್ದದ್ದು ಟ್ರಾವ್ನಿಕಿಯ ಗುರುತಿನ ಚೀಟಿ, ನಂಬರ್ 1393. ಅದರಲ್ಲಿ 1943ರ ಮಾರ್ಚ್ 27ರಂದು ಸೋಬಿಬೋರ್‌ಗೆ ಕಳಿಸಿದ್ದು ಬರೆದಿದೆ. ಇನ್ನೊಂದು ಕಡೆ, ಹಾಲೆಂಡಿನ ವೆಸ್ಟರ್‌ಬೋರ್ಕ್ ಶಿಬಿರದಿಂದ ಸೋಬಿಬೋರ್‌ಗೆ ಹೊರಟ ರೈಲುಗಳ ಪ್ರಯಾಣಿಕರ ಪಟ್ಟಿಗಳು. ಯಾರು, ಎಂದು ಹೊರಟರು ಅನ್ನೋದೆಲ್ಲ ಅದರಲ್ಲಿದೆ. ಸೋಬಿಬೋರ್ ಕೊಲ್ಲುವುದಕ್ಕೆಂದೇ ಕಟ್ಟಿದ ಶಿಬಿರ. ಅಲ್ಲಿ ಕಾವಲುಗಾರನಿಗೆ ಬೇರೆ ಯಾವ ಕೆಲಸವೂ ಇರಲಿಲ್ಲ. ಹಾಗಾದರೆ ಅವನು ಅಲ್ಲಿದ್ದ ದಿನಗಳಲ್ಲಿ ಬಂದ ರೈಲುಗಳ ಜನರ ಕೊಲೆಗೆ ಅವನು ನೆರವಾಗಿದ್ದಾನೆ. ನೋಡಿ, ಇದು ಬವರ್ ಅವರ ವಾದವೇ ಅಲ್ವಾ?

2009ರಲ್ಲಿ ಅಮೆರಿಕ ಅವನನ್ನು ಜರ್ಮನಿಗೆ ಗಡಿಪಾರು ಮಾಡಿತು. ಮ್ಯೂನಿಕ್ ಕೋರ್ಟಿನಲ್ಲಿ ಮಂಚದ ಮೇಲೆ ಮಲಗಿಕೊಂಡೇ ಅವನು ವಿಚಾರಣೆ ಎದುರಿಸಿದ. ಚೀಟಿ ರಷ್ಯಾದವರು ಮಾಡಿದ ನಕಲಿ ಅಂತ ಅವನ ವಕೀಲರು ವಾದಿಸಿದರು. ತಜ್ಞರು ಅಸಲಿ ಅಂದರು. 2011ರ ಮೇ 12ರಂದು ತೀರ್ಪು: 28,060 ಜನರ ಕೊಲೆಗೆ ನೆರವಾದ ಅಪರಾಧ, ಐದು ವರ್ಷ ಶಿಕ್ಷೆ. ಮೇಲ್ಮನವಿ ಬಾಕಿ ಇರುವಾಗಲೇ 2012ರ ಮಾರ್ಚಿನಲ್ಲಿ ವೃದ್ಧಾಶ್ರಮದಲ್ಲಿ ತೀರಿಕೊಂಡ. ಜರ್ಮನ್ ಕಾನೂನಿನ ಪ್ರಕಾರ ಆ ತೀರ್ಪು ಅಂತಿಮ ಆಗಲೇ ಇಲ್ಲ. ಆದರೆ ಬಾಗಿಲು ತೆರೆದಿತ್ತು.

ಆ ಬಾಗಿಲಿನಿಂದ ಒಳಗೆ ಬಂದವರಲ್ಲಿ ನಾನು ಇಬ್ಬರ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲನೆಯವನು ಆಸ್ಕರ್ ಗ್ರೋನಿಂಗ್. ಔಶ್ವಿಟ್ಸ್‌ನಲ್ಲಿ ಲೆಕ್ಕ ಬರೆಯುತ್ತಿದ್ದವನು. ರೈಲಿನಲ್ಲಿ ಬಂದವರಿಂದ ಕಿತ್ತುಕೊಂಡ ಹಣವನ್ನು ದೇಶವಾರು ಎಣಿಸಿ ಬರ್ಲಿನ್ನಿಗೆ ಕಳಿಸುವುದು ಅವನ ಕೆಲಸ. ಯುದ್ಧದ ನಂತರ ಗಾಜಿನ ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಮಾಡಿದ. ಅಂಚೆಚೀಟಿ ಸಂಗ್ರಹಿಸುವ ಹವ್ಯಾಸ ಇತ್ತು. ಆ ಕ್ಲಬ್ಬಿನಲ್ಲಿ ಒಬ್ಬ, ಗ್ಯಾಸ್ ಕೋಣೆ ಎಲ್ಲ ಕಟ್ಟುಕಥೆ ಅಂದ. ಗ್ರೋನಿಂಗ್ ಸುಮ್ಮನಿರಲಿಲ್ಲ. ನಾನು ಅಲ್ಲಿದ್ದೆ, ಎಲ್ಲ ನಿಜ ಅಂತ ಬರೆದು ಕೊಟ್ಟ. ಮುಂದೆ ಟೀವಿಯಲ್ಲೂ ಹೇಳಿದ. ಹೀಗೆ ಹೇಳುವ ಧೈರ್ಯ ಬಂದದ್ದು ತಾನು ಅಪರಾಧಿ ಅಲ್ಲ ಅಂತ ಅವನು ನಂಬಿದ್ದರಿಂದ. ದೇಶದ ಕಾನೂನೂ ಅವನಿಗೆ ಅದನ್ನೇ ಹೇಳಿತ್ತು. ಅವನ ಮೇಲಿದ್ದ ತನಿಖೆಯನ್ನು 1985ರಲ್ಲಿ ಕೈಬಿಟ್ಟಿದ್ದರು.

2015ರಲ್ಲಿ ಲೂನೆಬರ್ಗ್ ಕೋರ್ಟಿನಲ್ಲಿ ಅವನ ವಿಚಾರಣೆ ನಡೆದಾಗ ಅವನಿಗೆ 93 ವರ್ಷ. ನೈತಿಕವಾಗಿ ನಾನೂ ತಪ್ಪಿತಸ್ಥ, ಕಾನೂನಿನ ಪ್ರಕಾರ ಹೌದೋ ಅಲ್ಲವೋ ನೀವೇ ಹೇಳಿ ಅಂತ ಮೊದಲ ದಿನವೇ ನ್ಯಾಯಾಧೀಶರಿಗೆ ಹೇಳಿದ. 1944ರ ಮೇನಿಂದ ಜುಲೈವರೆಗೆ ಹಂಗೇರಿಯಿಂದ ತಂದ ಯೆಹೂದಿಗಳಲ್ಲಿ ಕನಿಷ್ಠ 3 ಲಕ್ಷ ಜನರ ಕೊಲೆಗೆ ನೆರವಾದ ಅಂತ ಕೋರ್ಟು ಹೇಳಿತು. ನಾಲ್ಕು ವರ್ಷ ಶಿಕ್ಷೆ. 2016ರಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಬವರ್ ಸತ್ತು 48 ವರ್ಷ ಆಗಿತ್ತು. ಗ್ರೋನಿಂಗ್ ಜೈಲಿಗೆ ಹೋಗುವ ಮುಂಚೆಯೇ 2018ರಲ್ಲಿ ತೀರಿಕೊಂಡ.

ಈ ವಿಚಾರಣೆಯಲ್ಲಿ ಒಂದು ಘಟನೆ ನಡೆಯಿತು. ಎವಾ ಕೋರ್ ಅನ್ನುವ ಮಹಿಳೆ, ಚಿಕ್ಕ ಹುಡುಗಿಯಾಗಿದ್ದಾಗ ತಮ್ಮ ಅವಳಿ ತಂಗಿಯ ಜೊತೆ ಔಶ್ವಿಟ್ಸ್‌ನ ನಾಜಿ ವೈದ್ಯ ಮೆಂಗಲೆಯ ಪ್ರಯೋಗಗಳನ್ನು ಅನುಭವಿಸಿದವರು, ಗ್ರೋನಿಂಗ್ ಹತ್ತಿರ ಹೋಗಿ ಕೈ ಕುಲುಕಿದರು. ಕ್ಷಮಿಸಿದ್ದೇನೆ ಅಂದರು. ಫೋಟೋ ಜಗತ್ತೆಲ್ಲ ಓಡಾಡಿತು. ಮನೆಮಂದಿಯನ್ನು ಕಳೆದುಕೊಂಡ ಉಳಿದ ಫಿರ್ಯಾದಿಗಳಿಗೆ ಇದು ತುಂಬ ನೋವು ಕೊಟ್ಟಿತು. ಸತ್ತವರ ಪರವಾಗಿ ಕ್ಷಮಿಸುವ ಅಧಿಕಾರ ನಮಗಿಲ್ಲ ಅನ್ನುವುದು ಅವರ ನಿಲುವು. ನನ್ನ ಮನಸ್ಸು ಈ ಎರಡನೇ ಗುಂಪಿನ ಕಡೆಗಿದೆ. ಎವಾ ಅವರ ಕ್ಷಮೆ ಅವರ ಸ್ವಂತದ್ದು, ಅದನ್ನು ಪ್ರಶ್ನಿಸಲು ನಾವು ಯಾರು? ಆದರೆ ಕ್ಷಮೆ ಸಿಕ್ಕಿತು ಅಂತ ಕೇಸು ಮುಚ್ಚಲು ಆಗುವುದಿಲ್ಲ.

ಎರಡನೆಯದು ಇರ್ಮ್‌ಗಾರ್ಡ್ ಫುರ್ಖ್ನರ್ ಕೇಸು. ಇವತ್ತಿನ ಗ್ಡಾನ್ಸ್ಕ್ ಹತ್ತಿರದ ಸ್ಟುಟ್‌ಹೋಫ್ ಶಿಬಿರದಲ್ಲಿ ಸುಮಾರು 65,000 ಜನ ಸತ್ತರು. 1943ರಿಂದ 1945ರವರೆಗೆ ಅಲ್ಲಿನ ಮುಖ್ಯಸ್ಥನ ಕಚೇರಿಯಲ್ಲಿ ಆಕೆ ಟೈಪಿಸ್ಟ್. ಆಗ ವಯಸ್ಸು 18, 19. ಅದಕ್ಕೇ 96ನೇ ವಯಸ್ಸಿನಲ್ಲಿ ಆಕೆಯನ್ನು ಬಾಲಾಪರಾಧಿಗಳ ಕೋರ್ಟಿಗೆ ಕರೆತಂದರು. 2021ರಲ್ಲಿ ವಿಚಾರಣೆಯ ಮೊದಲ ದಿನ ಆಕೆ ವೃದ್ಧಾಶ್ರಮದಿಂದ ಟ್ಯಾಕ್ಸಿ ಹತ್ತಿ ಪರಾರಿ. ಕೆಲವೇ ಗಂಟೆಗಳಲ್ಲಿ ಪೊಲೀಸರು ಹ್ಯಾಂಬರ್ಗಿನಲ್ಲಿ ಹಿಡಿದರು.

ಟೈಪ್ ಮಾಡಿದ್ದಕ್ಕೆ ಶಿಕ್ಷೆಯಾ ಅಂತ ನಿಮಗೆ ಅನ್ನಿಸಬಹುದು. ಮುಖ್ಯಸ್ಥನ ಆದೇಶ, ಪತ್ರ ಎಲ್ಲ ಹೋಗುತ್ತಿದ್ದದ್ದು ಆಕೆಯ ಕಚೇರಿಯಿಂದ. ಆಕೆಗೆ ಅಲ್ಲಿಂದ ಏನು ಕಾಣುತ್ತಿತ್ತು ಅಂತ ತಿಳಿಯಲು ನ್ಯಾಯಾಧೀಶರು ಸ್ಟುಟ್‌ಹೋಫ್‌ಗೇ ಹೋಗಿ ನೋಡಿದರು. ಕೈದಿಗಳ ಸ್ಥಿತಿ ಕಾಣದಿರಲು ಸಾಧ್ಯವೇ ಇರಲಿಲ್ಲ ಅನ್ನುವ ತೀರ್ಮಾನಕ್ಕೆ ಬಂದರು. 10,500ಕ್ಕೂ ಹೆಚ್ಚು ಕೊಲೆಗಳಿಗೆ ನೆರವಾದ ಅಪರಾಧಕ್ಕೆ 2022ರ ಡಿಸೆಂಬರಿನಲ್ಲಿ ಎರಡು ವರ್ಷ, ಅದೂ ಜೈಲಿಗೆ ಹೋಗಬೇಕಿಲ್ಲದ ಅಮಾನತು ಶಿಕ್ಷೆ. 2024ರ ಆಗಸ್ಟಿನಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ಖಾಯಂ ಮಾಡಿತು. 2025ರಲ್ಲಿ ಆಕೆ ತೀರಿಕೊಂಡರು.

ಆ ಕೋರ್ಟಿಗೆ ಯೋಸೆಫ್ ಸಾಲೊಮೊನೊವಿಚ್ ಅನ್ನುವವರು ಬಂದಿದ್ದರು. ಅವರಿಗೆ ಆರು ವರ್ಷ ಇದ್ದಾಗ ತಂದೆಯನ್ನು ಸ್ಟುಟ್‌ಹೋಫ್‌ನಲ್ಲಿ ಚುಚ್ಚುಮದ್ದು ಕೊಟ್ಟು ಕೊಂದಿದ್ದರು. ಅವರು ಸಾಕ್ಷಿ ಹೇಳುವಾಗ ತಂದೆಯ ಫೋಟೋವನ್ನು ಆರೋಪಿಯ ಕಡೆಗೆ ಎತ್ತಿ ಹಿಡಿದರು. ಜರ್ಮನ್ ಕಾನೂನಿನಲ್ಲಿ ಸತ್ತವರ ಹತ್ತಿರದ ಸಂಬಂಧಿಕರು ಪ್ರಾಸಿಕ್ಯೂಟರ್ ಜೊತೆ ತಾವೂ ಫಿರ್ಯಾದಿಗಳಾಗಿ ಕೂರಬಹುದು. ವಕೀಲರನ್ನು ಇಟ್ಟುಕೊಳ್ಳಬಹುದು, ಪ್ರಶ್ನೆ ಕೇಳಬಹುದು. ಎರಡು ವರ್ಷವೋ ನಾಲ್ಕು ವರ್ಷವೋ ಅನ್ನುವುದಕ್ಕಿಂತ ಇದು ದೊಡ್ಡದು ಅಂತ ನಾನು ನಂಬುತ್ತೇನೆ. ಸತ್ತವರ ಹೆಸರು ಸರ್ಕಾರಿ ದಾಖಲೆಗೆ ಮೊದಲ ಸಲ ಕೊಲೆಯಾದವರು ಅಂತ ಹೋಗುತ್ತದೆ. ಅಲ್ಲಿಯವರೆಗೆ ಅವರು ರೈಲಿನ ಪಟ್ಟಿಯಲ್ಲಿ ಮಾತ್ರ ಇದ್ದರು.

ಇನ್ನು ಶುರುವಿನ ಪ್ರಶ್ನೆಗೆ ನನ್ನ ಉತ್ತರ. ವಯಸ್ಸನ್ನು ಶಿಕ್ಷೆ ಕೊಡುವಾಗ ನೋಡಲಿ. ವಿಚಾರಣೆ ತಾಳುವ ಆರೋಗ್ಯ ಇಲ್ಲದಿದ್ದರೆ ಬಿಡಲಿ. ಜರ್ಮನ್ ಕೋರ್ಟುಗಳು ಹಾಗೆ ಹಲವರನ್ನು ಬಿಟ್ಟಿವೆ. ಆದರೆ ಆರೋಗ್ಯ ಇರುವವರ ವಿಚಾರಣೆಯನ್ನೂ ವಯಸ್ಸಿನ ನೆಪದಲ್ಲಿ ಕೈಬಿಟ್ಟರೆ, ಅಧಿಕಾರದಲ್ಲಿದ್ದವರು ಫೈಲುಗಳನ್ನು ಅಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಬಹುಮಾನ ಕೊಟ್ಟ ಹಾಗಾಗುತ್ತದೆ. ಯಾವ ಸರ್ಕಾರವಾದರೂ ಇದನ್ನು ಕಲಿತುಕೊಂಡುಬಿಡುತ್ತದೆ: ಇನ್ನೂ ಸ್ವಲ್ಪ ಕಾಯೋಣ, ಎಲ್ಲರೂ ಮುದುಕರಾಗಲಿ.

ಔಶ್ವಿಟ್ಸ್, ಸ್ಟುಟ್‌ಹೋಫ್ ಸಿಬ್ಬಂದಿಯಲ್ಲಿ ವಿಚಾರಣೆಗೆ ಸಿಗುವವರು ಈಗ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಜರ್ಮನಿಯ ಕೋಬ್ಲೆನ್ಸ್ ಕೋರ್ಟಿನ 2021ರ ಫೆಬ್ರವರಿಯ ತೀರ್ಪೊಂದನ್ನು ನೀವು ಓದಬೇಕು. ಎಲ್ಲೇ ನಡೆದಿರಲಿ, ಮಾನವತೆಯ ವಿರುದ್ಧದ ಅಪರಾಧಗಳನ್ನು ವಿಚಾರಣೆ ಮಾಡುವ ಕಾನೂನು ಜರ್ಮನಿಯಲ್ಲಿ 2002ರಿಂದ ಇದೆ. ಅದರ ಕೆಳಗೆ ಸಿರಿಯಾದ ಗುಪ್ತಚರ ಇಲಾಖೆಯ ಕೆಳದರ್ಜೆಯ ನೌಕರನೊಬ್ಬನಿಗೆ ನಾಲ್ಕೂವರೆ ವರ್ಷ ಶಿಕ್ಷೆಯಾಯಿತು. ಡಮಾಸ್ಕಸ್ ಹತ್ತಿರ ಪ್ರತಿಭಟನೆ ಮಾಡಿದ ಕನಿಷ್ಠ 30 ಜನರನ್ನು ಹಿಡಿದು, ಚಿತ್ರಹಿಂಸೆ ಕೊಡುವ ಜೈಲಿಗೆ ಮುಟ್ಟಿಸುವುದರಲ್ಲಿ ಅವನು ಕೈಜೋಡಿಸಿದ್ದ. ಹಿಂಸೆ ಕೊಟ್ಟದ್ದು ಅವನಲ್ಲ. ಕರೆದುಕೊಂಡು ಹೋಗಿದ್ದು ಮಾತ್ರ. ಅಪರಾಧ ನಡೆದದ್ದು 2011ರಲ್ಲಿ. ತೀರ್ಪು ಹತ್ತು ವರ್ಷ ತುಂಬುವ ಮುಂಚೆಯೇ ಬಂತು, ಆ ಜೈಲಿನಿಂದ ಬದುಕಿ ಬಂದವರು ಸಾಕ್ಷಿ ಹೇಳುವಷ್ಟು ಗಟ್ಟಿಯಾಗಿರುವಾಗಲೇ.